ಒಡನಾಡಿಗಳ ಋಣ

ಪರದೇಶಕ್ಕೆ ಹೋದವನು ಊರಿನಲ್ಲಿ ಬಿಟ್ಟುಹೋದವರ ವಿಷಯದಲ್ಲಿ ಏನೇನು ಮಾಡತಕ್ಕದ್ದೆಂಬುದನ್ನು ನಮ್ಮ ಜನರು ಬಹುಮಟ್ಟಿಗೆ ಗೊತ್ತುಮಾಡಿಕೊಂಡಿದ್ದಾರೆ. ತಾಯಿತಂದೆಗಳ ಯೋಗಕ್ಷೇಮವನ್ನು ವಿಚಾರಿಸುತ್ತಿರಬೇಕು, ಒಡಹುಟ್ಟಿದವರ ಮನೆಯ ಶುಭಕಾರ್ಯಗಳಿಗೆ ಬರಬೇಕು, ಬರಲಾಗದಿದ್ದರೆ ಉಡುಗೊರೆಯನ್ನಾದರೂ ಕಳುಹಿಸಬೇಕು, ಸಾಲವಿದ್ದರೆ ತೀರಿಸಬೇಕು. ಇವನ್ನು ಮಾಡಿದವನನ್ನು ಊರು ಮೆಚ್ಚುತ್ತದೆ, ಮಾಡದವನನ್ನು ಆಡಿಕೊಳ್ಳುತ್ತದೆ. ಆದರೆ ಅವನು ಹತ್ತು ಹನ್ನೆರಡು ವರ್ಷ ಪ್ರತಿ ಸಂಜೆ ಯಾರೊಡನೆ ಚೆಂಡಾಡಿದನೋ, ಆ ಆಟದ ಸಂಘದ ಗೆಳೆಯರಿಗೆ ಅವನಿಂದ ಸಲ್ಲಬೇಕಾದುದೇನೆಂದು ಕೇಳಿದರೆ ಯಾರಲ್ಲಿಯೂ ಉತ್ತರ ಸಿದ್ಧವಾಗಿಲ್ಲ. ಅವರು ನಂಟರಲ್ಲ, ಉದ್ಯೋಗದಲ್ಲಿ ಜೊತೆಯವರಲ್ಲ, ಎಷ್ಟೋ ವೇಳೆ ಒಂದೇ ಜಾತಿಯವರಾಗಲಿ ಒಂದೇ ಬೀದಿಯವರಾಗಲಿ ಅಲ್ಲ. ಅವರಿಗೆ ಪತ್ರ ಬರೆಯದಿದ್ದರೆ ನಿಂದಿಸುವವರಿಲ್ಲ. ಬರೆದರೆ ಹೊಗಳುವವರೂ ಇಲ್ಲ. ಇಂತಹ ಸಂಬಂಧಗಳಲ್ಲಿಯೇ ಮನುಷ್ಯನ ಮನಸ್ಸು ತನ್ನಷ್ಟಕ್ಕೆ ಏನು ಮಾಡುವುದೆಂಬುದು ತಿಳಿದುಬರುವುದರಿಂದ, ಈ ಪ್ರಶ್ನೆಯು ನೋಡುವುದಕ್ಕೆ ಚಿಕ್ಕದಾದರೂ ವಿಚಾರಕ್ಕೆ ಅರ್ಹವಾದುದೆಂದು ನಮ್ಮ ಭಾವನೆ. ಮಗನೋ ಮಗಳೋ ದುಬೈ, ಲಂಡನ್, ಮೆಲ್ಬರ್ನ್, ನ್ಯೂಯಾರ್ಕ್ ಪಟ್ಟಣಗಳಲ್ಲಿ ನೆಲಸಿರುವ ಮನೆಗಳು ನಮ್ಮ ಜಿಲ್ಲೆಗಳ ಸಣ್ಣ ಊರುಗಳಲ್ಲಿಯೂ ಈಗ ಅನೇಕವಾಗಿರುವುದರಿಂದ ಇದು ಮನೆಮನೆಗೂ ಹತ್ತಿರದ ಪ್ರಶ್ನೆಯೂ ಆಗಿದೆ.

ಮೊದಲು ಈ ಸ್ನೇಹದ ಸ್ವರೂಪವನ್ನು ನೋಡೋಣ. ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಬಾಲ್ ಬ್ಯಾಡ್ಮಿಂಟನ್ ಆಟವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಂದೊಂದು ಪಕ್ಷಕ್ಕೆ ಐವರು. ನಡುವೆ ಒಂದು ಬಲೆ. ಸುಣ್ಣದಲ್ಲಿ ಎಳೆದ ಗೆರೆಗಳು. ಉಣ್ಣೆಯ ಹಗುರವಾದ ಚೆಂಡು. ಬಯಲಿನಲ್ಲಿ ಆಡುವ ಆಟವಾದುದರಿಂದ ಗಾಳಿ ಜೋರಾಗಿ ಬೀಸಿದರೆ ಚೆಂಡು ದಾರಿ ತಪ್ಪುತ್ತದೆ. ಇಂತಹ ಅಂಕಣದಲ್ಲಿ ವರ್ಷಗಟ್ಟಲೆ ಜೊತೆಯಾಗಿ ನಿಂತ ಐವರು ಒಬ್ಬರನ್ನೊಬ್ಬರು ತಿಳಿಯುವ ಬಗೆಯೇ ಬೇರೆ. ಮತಧರ್ಮಗಳ ವಿಷಯದಲ್ಲಿ, ರಾಜಕೀಯದ ವಿಷಯದಲ್ಲಿ ಜೊತೆಯವನ ಅಭಿಪ್ರಾಯವೇನೆಂಬುದು ಒಬ್ಬನಿಗೆ ತಿಳಿಯದೆ ಇರಬಹುದು. ಆದರೆ ಎಡಕ್ಕೆ ಬಂದ ಚೆಂಡಿಗೆ ಯಾರು ಹಿಂಜರಿಯುತ್ತಾನೆ, ಸೋಲು ಹತ್ತಿರವಾದಾಗ ಯಾರು ಸಿಡುಕುತ್ತಾನೆ, ಚೆಂಡು ಗೆರೆಯ ಒಳಗೆ ಬಿದ್ದುದನ್ನು ತನ್ನ ಪಕ್ಷಕ್ಕೆ ನಷ್ಟವಾದರೂ ಯಾರು ಒಪ್ಪಿಕೊಳ್ಳುತ್ತಾನೆ, ಇವೆಲ್ಲವೂ ಅವನಿಗೆ ಚೆನ್ನಾಗಿ ಗೊತ್ತು. ಇಬ್ಬರ ನಡುವೆ ಬೀಳುವ ಚೆಂಡಿಗೆ ಒಬ್ಬನು ‘ನಿನ್ನದು’ ಎಂದು ಕೂಗುತ್ತಾನೆ. ಮತ್ತೊಬ್ಬನು ಯೋಚಿಸದೆ ಮುಂದಕ್ಕೆ ಬರುತ್ತಾನೆ. ಆ ಕೂಗಿನಲ್ಲಿ ಆಜ್ಞೆಯೂ ಇಲ್ಲ, ಬೇಡಿಕೆಯೂ ಇಲ್ಲ. ಕರೆದರೆ ಇವನು ಬರುತ್ತಾನೆಂಬ ನಂಬಿಕೆ ಮಾತ್ರ ಇದೆ.

ನಮ್ಮ ಭಾಷೆಯು ಈ ಸಂಗತಿಯನ್ನು ಹಿಂದೆಯೇ ಕಂಡುಕೊಂಡಂತಿದೆ. ಸಂಗಡಿಗನಿಗೆ ನಾವು ‘ಒಡನಾಡಿ’ ಎನ್ನುತ್ತೇವೆ. ಒಡನೆ ಆಡಿದವನು ಒಡನಾಡಿ. ಈ ‘ಆಡು’ ಎಂಬ ಧಾತುವು ಆಟಕ್ಕೂ ಸಲ್ಲುತ್ತದೆ, ಮಾತಿಗೂ ಸಲ್ಲುತ್ತದೆ, ಓಡಾಟಕ್ಕೂ ಸಲ್ಲುತ್ತದೆ. ಸಂಸ್ಕೃತದಲ್ಲಿ ಸ್ನೇಹಕ್ಕೆ ‘ಸಾಪ್ತಪದೀನ’ವೆಂಬ ಹೆಸರುಂಟು, ಪಾಣಿನಿಯು ಆ ಪದಕ್ಕೆಂದೇ ಒಂದು ಸೂತ್ರವನ್ನು ಮಾಡಿದ್ದಾನೆ. ಏಳು ಹೆಜ್ಜೆ ಜೊತೆಯಲ್ಲಿ ನಡೆದುದರಿಂದ ಆದದ್ದು ಸಾಪ್ತಪದೀನ. ಎರಡು ಭಾಷೆಗಳೂ ಸ್ನೇಹದ ಹುಟ್ಟನ್ನು ಮನಸ್ಸಿನ ಒಳಗೆ ಹುಡುಕದೆ ಕಾಲಿನ ಹೆಜ್ಜೆಯಲ್ಲಿ, ಕೈಯ ಚಲನೆಯಲ್ಲಿ ಹುಡುಕಿರುವುದು ಗಮನಾರ್ಹವಾಗಿದೆ. ಇತ್ತೀಚಿನ ಪ್ರಯೋಗಗಳೂ ಇದನ್ನು ಸಮರ್ಥಿಸುತ್ತವೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿ ಹುಟ್ಟುಹಾಕುವ ಪಂದ್ಯದ 12 ಮಂದಿ ತರುಣರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಒಬ್ಬೊಬ್ಬನೇ ಅಭ್ಯಾಸಮಾಡಿದಾಗ ಅವರಿಗೆ ನೋವನ್ನು ಸಹಿಸುವ ಶಕ್ತಿ ಎಷ್ಟಿತ್ತೋ, ಎಲ್ಲರೂ ಒಂದೇ ಲಯದಲ್ಲಿ ಅಭ್ಯಾಸಮಾಡಿದಾಗ ಅದು ಅದಕ್ಕಿಂತ ಹೆಚ್ಚಾಗಿದ್ದಿತೆಂದು ಕಂಡುಬಂದಿತು. ಪಟ್ಟ ಶ್ರಮವು ಎರಡು ಸಲವೂ ಸಮಾನವೇ. ಜೊತೆಯಲ್ಲಿ ಪಟ್ಟ ಶ್ರಮವು ಶರೀರದಲ್ಲಿಯೇ ಏನನ್ನೋ ಬದಲಾಯಿಸುತ್ತದೆ.

ಆದರೆ ಇಲ್ಲಿಯೇ ಒಂದು ಆಕ್ಷೇಪಕ್ಕೆ ಎಡೆಯಿದೆ. ಜೊತೆಯ ಆಟದಿಂದ ಹುಟ್ಟಿದ ಸ್ನೇಹವು ಆಟ ನಿಂತಮೇಲೆ ನಿಲ್ಲುವುದು ನ್ಯಾಯವಲ್ಲವೆ? ಗ್ರೀಸ್ ದೇಶದ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಸ್ನೇಹವನ್ನು ಮೂರು ವಿಧವಾಗಿ ವಿಂಗಡಿಸಿದ್ದಾನೆ: ಪ್ರಯೋಜನಕ್ಕಾಗಿ ಆದದ್ದು ಒಂದು, ಸಂತೋಷಕ್ಕಾಗಿ ಆದದ್ದು ಇನ್ನೊಂದು, ಒಬ್ಬರ ಗುಣವನ್ನು ಒಬ್ಬರು ಕಂಡು ಆದದ್ದು ಮೂರನೆಯದು. ಮೊದಲಿನ ಎರಡು, ಕಾರಣವು ತಪ್ಪಿದೊಡನೆ ತಾವೂ ತಪ್ಪಿಹೋಗುವುವೆಂದು ಅವನ ಮತ. ಆಟದ ಸಂಘದ ಸ್ನೇಹವು ಸಂತೋಷಕ್ಕಾಗಿ ಆದದ್ದೆಂದು ಮೇಲುನೋಟಕ್ಕೆ ತೋರುವುದರಿಂದ, ವಿಮಾನ ಹತ್ತಿದ ದಿನವೇ ಅದರ ಲೆಕ್ಕ ಮುಗಿಯಿತೆಂದು ಒಬ್ಬನು ವಾದಿಸಬಹುದು.

ಈ ವಾದವನ್ನು ನಮ್ಮ ದೇಶದಲ್ಲಿ ಅರಿಸ್ಟಾಟಲನ ಹೆಸರನ್ನು ಕೇಳದ ಒಬ್ಬ ರಾಜನು ಮಾಡಿದ್ದಾನೆ. ಮಹಾಭಾರತದ ಆದಿಪರ್ವದಲ್ಲಿ ದ್ರುಪದನು ಬಾಲಕನಾಗಿದ್ದಾಗ ಭರದ್ವಾಜರ ಆಶ್ರಮಕ್ಕೆ ದಿನವೂ ಬಂದು ದ್ರೋಣನೊಡನೆ ಆಡಿದನು, ಓದಿದನು. ಮುಂದೆ ಅವನು ಪಾಂಚಾಲದ ರಾಜನಾದಮೇಲೆ ಬಡವನಾದ ದ್ರೋಣನು ಬಂದು ಸಖನೆಂದು ಮಾತನಾಡಿಸಲು, ಅಂದಿನ ಸ್ನೇಹ ಅಂದಿನ ಕಾರಣಕ್ಕಾಗಿ ಇದ್ದದ್ದು, ಕಾಲವು ಸ್ನೇಹವನ್ನೂ ಹಳತುಮಾಡುತ್ತದೆ, ಸಮಾನರಲ್ಲದವರಿಗೆ ಸಖ್ಯವೆಲ್ಲಿಯದು ಎಂಬರ್ಥದ ಉತ್ತರವನ್ನು ಕೊಟ್ಟನು. ತರ್ಕಕ್ಕಾಗಿ ನೋಡಿದರೆ ದ್ರುಪದನ ಮಾತಿನಲ್ಲಿ ದೋಷವನ್ನು ತೋರಿಸುವುದು ಸುಲಭವಲ್ಲ. ಕಾಲವು ಸ್ನೇಹವನ್ನು ಸವೆಯಿಸುವುದು ನಿಜ. ಸ್ಥಿತಿಗತಿಗಳು ಬೇರೆಯಾದರೆ ಸಖ್ಯವು ಕಷ್ಟವೆಂಬುದೂ ನಿಜ. ಆದರೂ ಆ ಕಥೆಯನ್ನು ಕೇಳಿದವರಲ್ಲಿ ದ್ರುಪದನ ಮಾತಿಗೆ ತಲೆದೂಗುವವರು ವಿರಳ. ಅವನ ಮಾತಿನಲ್ಲಿ ಏನೋ ಒಂದು ಬಿಟ್ಟುಹೋಗಿದೆಯೆಂದು ನಮ್ಮ ಮನಸ್ಸು ಹೇಳುತ್ತದೆ.

ಬಿಟ್ಟುಹೋದದ್ದು ಇದೆಂದು ತೋರುತ್ತದೆ. ಆಟವು ಸಂತೋಷಕ್ಕಾಗಿ ಆರಂಭವಾದರೂ ಅದರಲ್ಲಿ ಗುಣಪರೀಕ್ಷೆಯೂ ನಡೆದುಹೋಗುತ್ತದೆ. ಗೆರೆಯ ಮೇಲಿನ ಚೆಂಡಿಗೆ ಸುಳ್ಳು ಹೇಳದವನನ್ನು, ತನ್ನ ಜೊತೆಯವನು ಕೈತಪ್ಪಿ ಆಡಿದಾಗ ಹಂಗಿಸದವನನ್ನು, ಗೆದ್ದಾಗ ಎದುರಾಳಿಯ ಮುಖ ನೋಡಿ ತನ್ನ ನಗುವನ್ನು ತಗ್ಗಿಸಿಕೊಂಡವನನ್ನು ನಾವು ಕಂಡಿದ್ದೇವೆ. ಹೀಗೆ ಕಂಡದ್ದು ಆಟ ಮುಗಿದುದರಿಂದ ಸುಳ್ಳಾಗುವುದಿಲ್ಲ. ಆದುದರಿಂದ ಸಂತೋಷದ ಸ್ನೇಹವೆಂದು ಬಾಗಿಲಲ್ಲಿ ಹೆಸರು ಬರೆಯಿಸಿಕೊಂಡು ಬಂದ ಈ ಸಂಬಂಧವು, ನಮಗೆ ತಿಳಿಯದಂತೆ ಮೂರನೆಯ ವರ್ಗಕ್ಕೆ ಸೇರಿಬಿಟ್ಟಿರುತ್ತದೆ. ಅಂತಹ ಸ್ನೇಹದ ವಿಷಯದಲ್ಲಿ ಅರಿಸ್ಟಾಟಲನೇ ಇನ್ನೊಂದು ಮಾತನ್ನೂ ಹೇಳಿದ್ದಾನೆ. ದೂರವು ಸ್ನೇಹವನ್ನು ನಾಶಮಾಡುವುದಿಲ್ಲ, ಅದರ ಕ್ರಿಯೆಯನ್ನು ಮಾತ್ರ ತಡೆಯುತ್ತದೆ; ನಿದ್ದೆಹೋದವನಲ್ಲಿ ಶಕ್ತಿಯು ಅಡಗಿರುವಂತೆ ದೂರದಲ್ಲಿರುವ ಮಿತ್ರರಲ್ಲಿ ಸ್ನೇಹಭಾವವು ಅಡಗಿರುತ್ತದೆ; ಆದರೆ ಅಗಲಿಕೆಯು ಬಹುಕಾಲ ನಡೆದರೆ ಮರೆವು ಕವಿಯುತ್ತದೆ, ಎಂದು ಅವನ ಅಭಿಪ್ರಾಯ. ಹಾಗಾದರೆ ಪ್ರಶ್ನೆ ಇಷ್ಟಕ್ಕೆ ನಿಲ್ಲುತ್ತದೆ: ಕ್ರಿಯೆಗೆ ಅವಕಾಶವಿಲ್ಲದ ಕಡೆ ಆ ಭಾವವು ಮಲಗಿ ಸಾಯದಂತೆ ಕಾಪಾಡುವುದು ಹೇಗೆ?

ಸಂಪರ್ಕ ಸಾಧನಗಳು ಹೆಚ್ಚಿದುದರಿಂದ ಈ ಪ್ರಶ್ನೆಯು ತಾನಾಗಿ ಪರಿಹಾರವಾಯಿತೆಂದು ಅನೇಕರು ತಿಳಿದಿದ್ದಾರೆ. ಕಡಲಾಚೆಯ ಕಾಗದವು ತಿಂಗಳುಗಟ್ಟಲೆ ಹಡಗಿನಲ್ಲಿ ಬರುತ್ತಿದ್ದ ಕಾಲವೊಂದಿತ್ತು. ಬಳಿಕ ವಿಮಾನದ ಅಂಚೆ ಬಂದಿತು. ಸಾವು ನೋವುಗಳನ್ನು ಹೊತ್ತು ತರುತ್ತಿದ್ದ ತಂತಿಯ ಸೇವೆಯನ್ನು ನಮ್ಮ ದೇಶದಲ್ಲಿ 2013ರ ಜುಲೈ ತಿಂಗಳಲ್ಲಿ ನಿಲ್ಲಿಸಿಬಿಟ್ಟರು. ಈಗ ಅಂಗೈಯಲ್ಲಿರುವ ದೂರವಾಣಿಯಿಂದ ಕ್ಷಣಮಾತ್ರದಲ್ಲಿ ಮುಖವನ್ನೂ ಕಾಣಬಹುದು. ಆದರೂ ಒಂದು ಅಡ್ಡಿಯನ್ನು ಯಾವ ಯಂತ್ರವೂ ತೆಗೆದುಹಾಕಿಲ್ಲ. ಹಾಸನದಲ್ಲಿಯೋ ಶಿವಮೊಗ್ಗದಲ್ಲಿಯೋ ಸಂಜೆ 6 ಗಂಟೆಗೆ ಬಲೆಯನ್ನು ಕಟ್ಟುವ ಹೊತ್ತಿಗೆ, ಚಳಿಗಾಲವಾದರೆ ಲಂಡನ್ನಿನಲ್ಲಿ ಮಧ್ಯಾಹ್ನ 12-30. ನ್ಯೂಯಾರ್ಕಿನಲ್ಲಿ ಬೆಳಗ್ಗೆ 7-30. ದುಬೈಯಲ್ಲಿ 4-30, ಇನ್ನೂ ಕಚೇರಿಯ ವೇಳೆ. ಮೆಲ್ಬರ್ನಿನಲ್ಲಿ ರಾತ್ರಿ 11-30 ಆಗಿರುತ್ತದೆ. ಇವರ ಸಂಜೆ ಅವನ ಸಂಜೆಯಲ್ಲ. ಆಟ ಮುಗಿದು ಬೆವರು ಆರುವವರೆಗೆ ಕಟ್ಟೆಯ ಮೇಲೆ ಕುಳಿತು ಆಡುವ ಮಾತುಗಳೇ ಈ ಸ್ನೇಹದ ಉಸಿರು. ಆ ಹೊತ್ತು ಅವನಿಗೆ ದೊರಕುವುದಿಲ್ಲ. ಆದುದರಿಂದ ಅವನಿಗೆ ದೊರಕುವುದು ಆ ಮಾತುಗಳ ಉಳಿಕೆ: ಹಬ್ಬದ ಶುಭಾಶಯ, ಹುಟ್ಟಿದ ದಿನದ ಹಾರೈಕೆ, ಯಾರೋ ಎಲ್ಲಿಂದಲೋ ತಂದು ಹಾಕಿದ ನಗೆಮಾತು.

ಇವು ಕೆಟ್ಟವೆಂದು ನಾವು ಹೇಳುವುದಿಲ್ಲ. ಆದರೆ ಇವುಗಳಿಂದಲೇ ಸ್ನೇಹವು ಉಳಿಯುವುದೆಂಬುದಕ್ಕೆ ಆಧಾರವು ಸಾಲದು. ಶಾಲೆಯನ್ನು ಮುಗಿಸಿ ಬೇರೆ ಬೇರೆ ಕಡೆಗೆ ಹೊರಟ ಇಂಗ್ಲೆಂಡಿನ 30 ಮಂದಿ ತರುಣ ತರುಣಿಯರ ಸ್ನೇಹಸಂಬಂಧಗಳನ್ನು 18 ತಿಂಗಳ ಕಾಲ ಅನುಸರಿಸಿ ಸ್ಯಾಮ್ ರಾಬರ್ಟ್ಸ್ ಮತ್ತು ರಾಬಿನ್ ಡನ್ಬರ್ ಎಂಬ ವಿದ್ವಾಂಸರು 2015ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ತರುಣಿಯರ ಸ್ನೇಹವು ಮಾತುಕತೆಯಿಂದ ಉಳಿದುಕೊಂಡಿತು. ತರುಣರ ಸ್ನೇಹವು ಬರಿಯ ಮಾತಿನಿಂದ ಅಷ್ಟಾಗಿ ಉಳಿಯದೆ ಜೊತೆಯಲ್ಲಿ ಏನನ್ನಾದರೂ ಮಾಡಿದಾಗ ಮಾತ್ರ ಸವೆಯದೆ ನಿಂತಿತು. ಮೂವತ್ತು ಮಂದಿಯ ಪರೀಕ್ಷೆಯಿಂದ ಲೋಕಕ್ಕೆಲ್ಲ ಸಿದ್ಧಾಂತವನ್ನು ಕಟ್ಟಲಾಗದು. ಗಂಡಸರೆಲ್ಲ ಹೀಗೆ, ಹೆಂಗಸರೆಲ್ಲ ಹಾಗೆ ಎಂದು ಗೆರೆ ಎಳೆಯುವುದೂ ಸರಿಯಲ್ಲ. ಆದರೂ ಆಟದಿಂದ ಹುಟ್ಟಿದ ಸ್ನೇಹದ ಮಟ್ಟಿಗೆ ಆ ಮಾತು ನಮ್ಮ ಅನುಭವಕ್ಕೆ ಒಪ್ಪುತ್ತದೆ. ಮಾಡುವುದರಿಂದ ಹುಟ್ಟಿದ್ದು ಮಾಡುವುದರಿಂದಲೇ ಉಳಿಯುತ್ತದೆ. ಜೊತೆಯಲ್ಲಿ ಚೆಂಡಾಡಲು ಸಾಧ್ಯವಿಲ್ಲದ ಮೇಲೆ ಜೊತೆಯಲ್ಲಿ ಮಾಡಬಹುದಾದ ಬೇರೆ ಯಾವುದನ್ನಾದರೂ ಹುಡುಕಬೇಕಾಗುತ್ತದೆ.

ಈ ಸಂದರ್ಭದಲ್ಲಿ ವೆಸ್ಟ್ ಇಂಡೀಸಿನ ಇಬ್ಬರು ಪ್ರಸಿದ್ಧರ ಸಂಗತಿಯು ನೆನಪಿಗೆ ಬರುತ್ತದೆ. ಟ್ರಿನಿಡಾಡ್ ದ್ವೀಪದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕ್ರಿಕೆಟ್ ಸಂಘಗಳು ಮೈಬಣ್ಣಕ್ಕೆ ಮತ್ತು ಅಂತಸ್ತಿಗೆ ತಕ್ಕಂತೆ ಬೇರೆ ಬೇರೆಯಾಗಿದ್ದುವು. ಸಿ. ಎಲ್. ಆರ್. ಜೇಮ್ಸ್ ಅವರು ವಿದ್ಯಾಭ್ಯಾಸ ಮುಗಿಸಿದಾಗ ಅವರ ಮುಂದೆ ಎರಡು ಸಂಘಗಳಿದ್ದುವು. ಮೇಪಲ್ ಎಂಬುದು ತಿಳಿಬಣ್ಣದ ಮಧ್ಯಮ ವರ್ಗದವರದು. ಶಾನನ್ ಎಂಬುದು ಕಪ್ಪು ಜನರ ಕೆಳಮಧ್ಯಮ ವರ್ಗದವರದು, ಲಿಯರಿ ಕಾನ್‌ಸ್ಟಂಟೈನ್ ಆಡುತ್ತಿದ್ದುದು ಇದರಲ್ಲಿ. ಜೇಮ್ಸ್ ಅವರು ಮೇಪಲ್ ಸಂಘವನ್ನು ಸೇರಿದರು. ಆ ನಿರ್ಧಾರದಿಂದ ತಾವೂ ಕಾನ್‌ಸ್ಟಂಟೈನರೂ ಬಹುಕಾಲ ದೂರವಾಗಿಯೇ ಉಳಿಯುವಂತಾಯಿತೆಂದು ಅವರು 1963ರಲ್ಲಿ ಪ್ರಕಟವಾದ ‘ಬಿಯಾಂಡ್ ಎ ಬೌಂಡರಿ’ ಎಂಬ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಕಾನ್‌ಸ್ಟಂಟೈನರು 1929ರಲ್ಲಿ ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ ನೆಲ್ಸನ್ ಎಂಬ ಗಿರಣಿಯ ಊರಿಗೆ ಸಂಬಳದ ಆಟಗಾರರಾಗಿ ಹೋದರು. 1932ರಲ್ಲಿ ಜೇಮ್ಸ್ ಅವರೂ ಇಂಗ್ಲೆಂಡಿಗೆ ಹೋಗಿ, ಕೆಲವು ಕಾಲ ಅದೇ ಊರಿನಲ್ಲಿ ಕಾನ್‌ಸ್ಟಂಟೈನರ ಮನೆಯಲ್ಲಿಯೇ ಇದ್ದರು. ಒಬ್ಬರ ಅನುಭವಕ್ಕೆ ಇನ್ನೊಬ್ಬರ ಲೇಖನಿ ನೆರವಾಗಿ ‘ಕ್ರಿಕೆಟ್ ಅಂಡ್ ಐ’ ಎಂಬ ಪುಸ್ತಕವು 1933ರಲ್ಲಿ ಹೊರಬಂದಿತು. ಜೇಮ್ಸ್ ಅವರು ಬರೆದ ಸಿಪ್ರಿಯಾನಿಯ ಜೀವನಚರಿತ್ರೆಯು 1932ರಲ್ಲಿ ನೆಲ್ಸನ್ ಊರಿನಲ್ಲಿಯೇ ಅಚ್ಚಾಯಿತು.

ಈ ವೃತ್ತಾಂತದಿಂದ ಎರಡು ಪಾಠಗಳನ್ನು ತೆಗೆಯಬಹುದು. ಒಂದೇ ಊರಿನಲ್ಲಿದ್ದಾಗ ಆಗದ ಸ್ನೇಹವು ಪರದೇಶದಲ್ಲಿ, ಇಬ್ಬರಿಗೂ ಬೇಕಾದ ಒಂದು ಕೆಲಸವು ನಡುವೆ ಬಂದಾಗ, ಗಟ್ಟಿಯಾಯಿತು, ಇದು ಮೊದಲನೆಯದು. ಎರಡನೆಯದು ಸ್ವಲ್ಪ ಕಹಿಯಾದುದು. ನಾವು ಯಾರೊಡನೆ ಸ್ನೇಹ ಬೆಳೆಸುತ್ತೇವೆ, ಯಾರನ್ನು ಬಿಡುತ್ತೇವೆ ಎಂಬುದನ್ನು ನಮ್ಮ ಹೃದಯವೊಂದೇ ತೀರ್ಮಾನಿಸುವುದಿಲ್ಲ. ಅಂತಸ್ತೂ ಅದರಲ್ಲಿ ಕೈಹಾಕುತ್ತದೆ. ಪರದೇಶಕ್ಕೆ ಹೋದವನು ಸಂಘದ ಗೆಳೆಯರಲ್ಲಿ ಯಾರೊಡನೆ ಸಂಪರ್ಕವನ್ನು ಉಳಿಸಿಕೊಂಡಿದ್ದಾನೆಂದು ತನ್ನನ್ನು ತಾನೇ ಕೇಳಿಕೊಂಡರೆ, ತನ್ನಂತೆಯೇ ಇಂಜಿನಿಯರೋ ವೈದ್ಯರೋ ಆದವರ ಹೆಸರುಗಳೇ ಮೊದಲು ಬರುವ ಸಂಭವ ಹೆಚ್ಚು. ಅವರೊಡನೆ ಮಾತು ಸುಲಭ; ಅವರಿಗೂ ಪರದೇಶದ ಸಮಾಚಾರ ಬೇಕು. ಆದರೆ ದರ್ಜಿಯ ಅಂಗಡಿಯಿಂದ ನೇರವಾಗಿ ಅಂಕಣಕ್ಕೆ ಬಂದು ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದವನು, ಬಸ್ ನಿಲ್ದಾಣದಲ್ಲಿ ಕೆಲಸಮಾಡುತ್ತಿದ್ದವನು, ದಿನವೂ ಗೆರೆಗಳಿಗೆ ಸುಣ್ಣ ಹಾಕಿ ಬಲೆಯನ್ನು ಕಟ್ಟುತ್ತಿದ್ದ ಮುದುಕ, ಇವರೆಲ್ಲಿ? ಅಂಕಣದಲ್ಲಿ ‘ನಿನ್ನದು’ ಎಂಬ ಕೂಗಿಗೆ ಅಂತಸ್ತಿನ ಭೇದವಿರಲಿಲ್ಲ. ಆ ಸಮತ್ವವೇ ಆಟದ ಸಂಘವು ಒಬ್ಬ ತರುಣನಿಗೆ ಕೊಟ್ಟ ದೊಡ್ಡ ವಿದ್ಯೆ. ಕಡಲನ್ನು ದಾಟಿದಾಗ ಸುಲಭವಾದವರನ್ನು ಮಾತ್ರ ಉಳಿಸಿಕೊಂಡು ಉಳಿದವರನ್ನು ಬಿಟ್ಟರೆ, ಅವನು ಸ್ನೇಹಿತರನ್ನು ಮಾತ್ರವಲ್ಲದೆ ಆ ವಿದ್ಯೆಯನ್ನೂ ಕಳೆದುಕೊಂಡಂತಾಗುತ್ತದೆ. ದ್ರುಪದನು ಬಾಯಿಬಿಟ್ಟು ಹೇಳಿದುದನ್ನು ಅವನು ಮೌನದಿಂದ ಹೇಳಿದಂತಾಗುತ್ತದೆ.

ಇದನ್ನು ಮನಗಂಡವರು ಕೆಲವರು ಹಣದಿಂದ ಸರಿಪಡಿಸಲು ಹೊರಡುತ್ತಾರೆ. ಅಲ್ಲಿಯೂ ಜಾಗರೂಕತೆ ಬೇಕು. ಕಷ್ಟಕಾಲದಲ್ಲಿ ಗೆಳೆಯನಿಗೆ ನೆರವಾಗುವುದು ಧರ್ಮ. ಅದರಲ್ಲಿ ಚರ್ಚೆಗೆ ಎಡೆಯಿಲ್ಲ. ಆದರೆ ಸಂಘಕ್ಕೆ ಹತ್ತು ಜೊತೆ ಬ್ಯಾಟುಗಳನ್ನು ಕಳುಹಿಸಿ, ಕಟ್ಟಡದ ಮೇಲೆ ಹೆಸರನ್ನು ಕೆತ್ತಿಸಿಕೊಂಡವನು ಇನ್ನು ಮುಂದೆ ಐವರಲ್ಲಿ ಒಬ್ಬನಾಗಿ ಉಳಿಯುವುದು ಕಷ್ಟ. ಅವನು ಬಂದಾಗ ಕುರ್ಚಿ ಹಾಕುತ್ತಾರೆ, ಹಾರ ತರುತ್ತಾರೆ, ಅವನ ಹೊಡೆತ ಬಲೆಗೆ ಬಿದ್ದರೂ ನಗುವುದಿಲ್ಲ. ನಗುವುದನ್ನು ನಿಲ್ಲಿಸಿದ ದಿನ ಅವನು ಒಡನಾಡಿಯ ಪದವಿಯಿಂದ ದಾನಿಯ ಪದವಿಗೆ ಏರಿದನೆಂದು ಹೇಳಬಹುದು. ಅದು ಏರಿಕೆಯೋ ಇಳಿತವೋ ಎಂಬುದನ್ನು ಅವನೇ ಯೋಚಿಸಬೇಕು. ಇದಕ್ಕಿಂತ, ಊರಿನಲ್ಲಿರುವವರೆಲ್ಲರೂ ಕೊಡುವಷ್ಟೇ ವರ್ಗಣಿಯನ್ನು ತಪ್ಪದೆ ಪ್ರತಿವರ್ಷವೂ ಕಳುಹಿಸುವುದು ಮೇಲು. ಮೊತ್ತ ಅಲ್ಪವಾದರೂ ಅದರ ಅರ್ಥ ದೊಡ್ಡದು: ನಾನು ಇನ್ನೂ ಸದಸ್ಯನು, ನಿಮ್ಮ ಲೆಕ್ಕದ ಪುಸ್ತಕದಲ್ಲಿ ನನ್ನ ಹೆಸರೂ ಒಂದು ಸಾಲಿನಲ್ಲಿ ಇರಲಿ, ಎಂದು.

ಭಾಗವತದ ದಶಮಸ್ಕಂಧದಲ್ಲಿ ಬರುವ ಕುಚೇಲನ ಕಥೆಯು ಇಲ್ಲಿ ದ್ರುಪದನ ಕಥೆಗೆ ಎದುರಾಗಿ ನಿಲ್ಲುತ್ತದೆ. ಅಲ್ಲಿಯೂ ಗುರುಕುಲದಲ್ಲಿ ಜೊತೆಗಿದ್ದವರು; ಅಲ್ಲಿಯೂ ಒಬ್ಬನು ಬಡವ, ಇನ್ನೊಬ್ಬನು ದ್ವಾರಕೆಯ ಒಡೆಯ. ಸಾಮಾನ್ಯವಾಗಿ ಜನರು ಈ ಕಥೆಯಲ್ಲಿ ಕೃಷ್ಣನು ಕೊಟ್ಟ ಐಶ್ವರ್ಯವನ್ನು ಕೊಂಡಾಡುತ್ತಾರೆ. ನಮಗೆ ಅದಕ್ಕಿಂತ ಮೊದಲು ನಡೆದ ಎರಡು ಸಂಗತಿಗಳು ಮುಖ್ಯವಾಗಿ ತೋರುತ್ತವೆ. ಸೌದೆಗೆಂದು ಕಾಡಿಗೆ ಹೋದಾಗ ಮಳೆಗಾಳಿಗಳಲ್ಲಿ ಸಿಕ್ಕಿಕೊಂಡು ಇಬ್ಬರೂ ಕೈಹಿಡಿದು ಅಲೆದ ರಾತ್ರಿಯನ್ನು ಕೃಷ್ಣನೇ ನೆನಪಿಗೆ ತಂದನು. ಅನಂತರ, ನನಗೆ ಏನು ತಂದಿರುವೆ ಎಂದು ಕೇಳಿದನು. ಕೊಡುವುದಕ್ಕೆ ನಾಚಿಕೊಂಡು ಬಚ್ಚಿಟ್ಟಿದ್ದ ಅವಲಕ್ಕಿಯನ್ನು ತಾನಾಗಿ ಎಳೆದುಕೊಂಡು ತಿಂದನು. ಬಡವನಾದ ಗೆಳೆಯನಿಂದ ಸಿರಿವಂತನು ಕೇಳಿ ಪಡೆದನೆಂಬುದೇ ಈ ಕಥೆಯ ತಿರುಳು. ಕೊಡುವುದು ಎಲ್ಲ ಸಿರಿವಂತರಿಗೂ ಸಾಧ್ಯ. ಕೇಳಿ ಪಡೆಯುವುದಕ್ಕೆ ಸ್ನೇಹ ಬೇಕು. ಪರದೇಶದಲ್ಲಿರುವವನು ತನ್ನ ವೃದ್ಧ ತಂದೆಯನ್ನು ಒಂದು ಸಲ ನೋಡಿ ಬರುವಂತೆ ಸಂಘದ ಗೆಳೆಯನನ್ನು ಕೇಳಿದರೆ, ಆ ಗೆಳೆಯನಿಗೆ ತೊಂದರೆ ಕೊಟ್ಟೆನೆಂದು ಸಂಕೋಚಪಡಬೇಕಾಗಿಲ್ಲ. ಹಾಗೆ ಕೇಳುವುದರಿಂದ ಅವನನ್ನು ಇನ್ನೂ ತನ್ನ ಪಕ್ಷದವನೆಂದು ಎಣಿಸಿದಂತಾಯಿತು.

ಇನ್ನೊಂದು ಕಷ್ಟವಿದೆ, ಅದು ಹೋದವನ ಜಾಗದ್ದು. ಐವರ ಆಟದಲ್ಲಿ ಒಬ್ಬನು ಹೋದರೆ ಆ ಜಾಗ ಒಂದು ದಿನವೂ ಬರಿದಾಗಿ ಉಳಿಯದು. ಮರುದಿನವೇ ಇನ್ನೊಬ್ಬ ಹುಡುಗನು ಬಂದು ಅಲ್ಲಿ ನಿಲ್ಲುತ್ತಾನೆ. ಎರಡು ವರ್ಷಗಳಲ್ಲಿ ಅವನೇ ಮೇಲಾಗಿ ಆಡಬಹುದು. ದೂರದಲ್ಲಿರುವವನ ನೆನಪಿನಲ್ಲಿ ಮಾತ್ರ ಸಂಘವು ಅವನು ಹೊರಟ ದಿನ ಹೇಗಿದ್ದಿತೋ ಹಾಗೆಯೇ ನಿಂತಿರುತ್ತದೆ. ಮೂರು ನಾಲ್ಕು ವರ್ಷಗಳ ಮೇಲೆ ಬಂದು ನೋಡಿದಾಗ ಮರವನ್ನು ಕಡಿದಿರುತ್ತಾರೆ, ಮಣ್ಣಿನ ಅಂಕಣದ ಜಾಗದಲ್ಲಿ ಸಿಮೆಂಟು ಬಂದಿರುತ್ತದೆ, ಅವನ ಹೆಸರನ್ನೇ ಕೇಳದ ಹುಡುಗರು ಆಡುತ್ತಿರುತ್ತಾರೆ. ಆಗ ಅವನಿಗೆ ತನ್ನನ್ನು ಮರೆತರೆಂಬ ಕೊರಗು ಹುಟ್ಟುವುದು ಸಹಜ. ಕೆಲವರು ಆ ಕೊರಗಿನಿಂದ ದೂರದಿಂದಲೇ ಆಜ್ಞೆಮಾಡಲು ತೊಡಗುತ್ತಾರೆ: ಇಂಥವನನ್ನು ನಾಯಕನನ್ನಾಗಿ ಮಾಡಿ, ಹಿಂದಿನ ಪದ್ಧತಿಯನ್ನು ಬಿಡಬೇಡಿ, ಎಂದು. ಇದು ಸಲ್ಲದು. ಊರಿನಲ್ಲಿ ನಿಂತು ಮಳೆ ಬಿಸಿಲುಗಳಲ್ಲಿ ಸಂಘವನ್ನು ನಡೆಸುವವರಿಗೆ ಅದನ್ನು ಬದಲಾಯಿಸುವ ಅಧಿಕಾರವೂ ಇದೆ. ತನ್ನ ಜಾಗವನ್ನು ತುಂಬಿದ ಹುಡುಗನ ಆಟವನ್ನು ಕೇಳಿ ತಿಳಿದು ಸಂತೋಷಪಡಬಲ್ಲವನೇ ಸಂಘವನ್ನು ಪ್ರೀತಿಸಿದವನು. ಉಳಿದವನು ಪ್ರೀತಿಸಿದ್ದು ಸಂಘದಲ್ಲಿದ್ದ ತನ್ನನ್ನು.

ಹೋದವನ ಕರ್ತವ್ಯವನ್ನಷ್ಟೇ ಹೇಳಿ ನಿಲ್ಲಿಸುವುದು ನ್ಯಾಯವಲ್ಲ. ಉಳಿದವರಿಗೂ ಕರ್ತವ್ಯವಿದೆ. ಅವರು ಸಾಮಾನ್ಯವಾಗಿ ಅವನಿಗೆ ಕಳುಹಿಸುವುದು ಬಹುಮಾನದ ಬಟ್ಟಲಿನೊಡನೆ ತೆಗೆಸಿಕೊಂಡ ಚಿತ್ರಗಳನ್ನು. ದೂರದಲ್ಲಿರುವವನಿಗೆ ಕೆಟ್ಟ ಸುದ್ದಿಯನ್ನು ಏತಕ್ಕೆ ಹೇಳಬೇಕು, ಅವನಾದರೂ ಏನು ಮಾಡಬಲ್ಲನು, ಎಂದು ಕನಿಕರದಿಂದಲೇ ಮುಚ್ಚಿಡುತ್ತಾರೆ. ಒಬ್ಬನ ಅಂಗಡಿ ಮುಚ್ಚಿತು; ಒಬ್ಬನ ಹೆಂಡತಿ ಕಾಯಿಲೆಯಲ್ಲಿದ್ದಾಳೆ; ಸಂಘದ ಬಯಲನ್ನು ಮಾರುವರೆಂಬ ಮಾತು ನಡೆದಿದೆ. ಇವು ಅವನಿಗೆ ತಿಳಿಯುವುದು ಎಲ್ಲ ಮುಗಿದಮೇಲೆ. ಆಗ ಅವನಿಗೆ ಆಗುವ ದುಃಖದಲ್ಲಿ ಸುದ್ದಿಯ ದುಃಖವೆಷ್ಟೋ, ತನ್ನನ್ನು ಲೆಕ್ಕದಿಂದ ಬಿಟ್ಟರೆಂಬ ದುಃಖವೂ ಅಷ್ಟೇ. ಕಷ್ಟದಲ್ಲಿ ಕರೆಯಲ್ಪಡದವನು ಗೆಳೆಯನಾಗಿ ಉಳಿದಿಲ್ಲವೆಂಬುದು ಅವನಿಗೂ ಗೊತ್ತು. ಏನನ್ನೂ ಮಾಡಲಾಗದಿದ್ದರೂ ತಿಳಿದಿರುವುದೂ ಒಂದು ಪಾಲು.

ಕೊಡಗಿನ ಜನರು ಈ ಸಮಸ್ಯೆಗೆ ತಮ್ಮದೇ ಆದ ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಸೈನ್ಯದ ಸೇವೆಗೂ ಇತರ ಉದ್ಯೋಗಗಳಿಗೂ ಊರಿನಿಂದ ದೂರ ಹೋಗುವುದು ಕೊಡವರಿಗೆ ಹಳೆಯ ವಾಡಿಕೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿಯನ್ನು ಆರಂಭಿಸಿದರು. ಆ ವರ್ಷ 60 ಕುಟುಂಬಗಳು ಆಡಿದುವು. ಅಲ್ಲಿಂದಾಚೆಗೆ ವರ್ಷಕ್ಕೊಂದು ಕುಟುಂಬವು ಅದರ ಹೊಣೆಯನ್ನು ಹೊರುತ್ತದೆ. ಆ ವರ್ಷದ ಉತ್ಸವಕ್ಕೆ ಆ ಕುಟುಂಬದ ಹೆಸರೇ ಹೆಸರು. ನಡುವೆ ಪ್ರಕೃತಿವಿಕೋಪ ಮತ್ತು ಸಾಂಕ್ರಾಮಿಕ ರೋಗಗಳ ಕಾರಣದಿಂದ ಕೆಲವು ವರ್ಷ ನಿಂತಿದ್ದು 2023ರಲ್ಲಿ ಮರಳಿ ಆರಂಭವಾಯಿತು. 2024ರಲ್ಲಿ ಕುಂಡ್ಯೋಳಂಡ ಕುಟುಂಬವು ನಾಪೋಕ್ಲುವಿನಲ್ಲಿ ನಡೆಸಿದಾಗ 360 ಕುಟುಂಬಗಳು ಭಾಗವಹಿಸಿದುವು. ಒಂದೇ ಪಕ್ಷದಲ್ಲಿ ಗಂಡಸರೂ ಹೆಂಗಸರೂ, ಹುಡುಗರೂ ವಯಸ್ಸಾದವರೂ ಜೊತೆಗೂಡಿ ಆಡುವುದುಂಟು. ದೂರದ ಊರುಗಳಲ್ಲಿರುವವರು ರಜೆಯನ್ನು ಇದಕ್ಕೆ ಹೊಂದಿಸಿಕೊಂಡು ಬರುತ್ತಾರೆ.

ಇದು ಕುಟುಂಬಗಳ ಉತ್ಸವವೇ ಹೊರತು ಸಂಘಗಳದ್ದಲ್ಲವೆಂಬುದು ನಿಜ. ಆದರೆ ಇದರ ತತ್ತ್ವವು ಸಂಘಗಳಿಗೂ ಸಲ್ಲುತ್ತದೆ. ‘ಬಿಡುವಾದಾಗ ಬಾ’ ಎಂಬ ಕರೆಗೆ ಯಾರೂ ಬರುವುದಿಲ್ಲ. ‘ಇಂಥ ದಿನ, ಇಂಥ ಬಯಲಿನಲ್ಲಿ, ನಮ್ಮ ಪಕ್ಷದಲ್ಲಿ ಒಬ್ಬರು ಕಡಮೆಯಿದ್ದಾರೆ’ ಎಂದರೆ ಬರುತ್ತಾರೆ. ನಮ್ಮ ಊರುಗಳ ಆಟದ ಸಂಘಗಳು ವರ್ಷದಲ್ಲಿ ಒಂದು ದಿನವನ್ನು ಗೊತ್ತುಮಾಡಿ, ಹಳಬರಿಗೂ ಹೊಸಬರಿಗೂ ಒಂದು ಪಂದ್ಯವನ್ನು ಇಟ್ಟುಕೊಂಡರೆ ಖರ್ಚು ಹೆಚ್ಚಿಲ್ಲ. ಹಳಬರು ಸೋಲುವುದು ಬಹುಮಟ್ಟಿಗೆ ನಿಶ್ಚಯ. ಅದೂ ಒಂದು ಪ್ರಯೋಜನವೇ. ವರ್ಷಕ್ಕೊಮ್ಮೆ ಬರಲಾಗದವನಿಗೂ ಅಂಕಗಳ ಪುಸ್ತಕವನ್ನು ಪ್ರತಿಮಾಡುವುದು, ದೂರದ ಊರಿನಲ್ಲಿ ಓದಲು ಹೊರಟ ಸಂಘದ ಹುಡುಗನಿಗೆ ವಸತಿಯನ್ನು ಹುಡುಕಿಕೊಡುವುದು, ಹೊಸ ಸದಸ್ಯರಿಗೆ ಹಿಂದಿನ ಪಂದ್ಯಗಳ ವೃತ್ತಾಂತವನ್ನು ಬರೆದುಕೊಡುವುದು, ಹೀಗೆ ಯಾವುದಾದರೊಂದು ಕೆಲಸವನ್ನು ಒಪ್ಪಿಸಬಹುದು. ಕೆಲಸವು ಚಿಕ್ಕದಾದರೂ ಅದು ಅವನದೇ ಆಗಿರಬೇಕು.

ಕೊನೆಗೆ, ಮನುಷ್ಯನ ಶಕ್ತಿಗೆ ಮಿತಿಯಿದೆಯೆಂಬುದನ್ನೂ ಮರೆಯಬಾರದು. ಪರದೇಶದಲ್ಲಿ ಸಂಸಾರವನ್ನು ನಡೆಸುವವನಿಗೆ ಹೊಸ ನೆರೆಹೊರೆಯವರಿದ್ದಾರೆ. ಅಲ್ಲಿಯ ಆಟದ ಬಯಲಿನಲ್ಲಿ ಹೊಸ ಒಡನಾಡಿಗಳೂ ಇರಬಹುದು. ಅವರಿಗೆ ಸಲ್ಲಬೇಕಾದುದೂ ಇದೆ. ಹಿಂದೆ ಆಡಿದವರೆಲ್ಲರನ್ನೂ ಸಮವಾಗಿ ನೆನೆದು ಬರೆಯುತ್ತೇನೆಂದು ಹೊರಟವನು ಯಾರಿಗೂ ನೆಟ್ಟಗೆ ಬರೆಯಲಾರನು. ಕೆಲವು ಸ್ನೇಹಗಳು ಮಲಗಲಿ, ಮಲಗಿದ್ದು ಸತ್ತಂತಲ್ಲ. ಹತ್ತು ವರ್ಷ ಒಂದು ಮಾತಿಲ್ಲದಿದ್ದ ಇಬ್ಬರು ಊರಿನ ಜಾತ್ರೆಯಲ್ಲಿ ಎದುರಾಗಿ, ನಿನ್ನೆ ಬಿಟ್ಟ ಮಾತನ್ನು ಇಂದು ಎತ್ತಿಕೊಂಡಂತೆ ಮಾತನಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಎಷ್ಟು ಸಲ ಮಾತನಾಡಿದೆವೆಂಬ ಲೆಕ್ಕದಿಂದ ಈ ಸ್ನೇಹವನ್ನು ಅಳೆಯಬೇಕಾಗಿಲ್ಲ. ಅಳೆಯುವುದಾದರೆ ಒಂದು ಪ್ರಶ್ನೆ ಸಾಕು. ಊರಿನಲ್ಲಿರುವ ಗೆಳೆಯನಿಗೆ ಒಂದು ಕಷ್ಟ ಬಂದರೆ, ಅಥವಾ ಸಂಘಕ್ಕೆ ಒಂದು ಕೆಲಸ ಬಿದ್ದರೆ, ಅವನು ಅಲ್ಲಿಂದ ‘ಇದು ನಿನ್ನದು’ ಎಂದು ಸಂಕೋಚವಿಲ್ಲದೆ ಕೂಗಬಲ್ಲನೆ? ಇವನು ಇಲ್ಲಿಂದ ಹಾಗೆಯೇ ಅವನನ್ನು ಕೂಗಬಲ್ಲನೆ? ಎರಡಕ್ಕೂ ಹೌದೆಂಬ ಉತ್ತರವಿದ್ದರೆ, ವರ್ಷಕ್ಕೆ ಒಂದೇ ಕಾಗದ ಬಂದರೂ ಚಿಂತೆಯಿಲ್ಲ. ಇಲ್ಲವೆಂದಾದರೆ, ಇಬ್ಬರಲ್ಲಿ ಒಬ್ಬನು ಮೊದಲು ಏನನ್ನಾದರೂ ಕೇಳಬೇಕು. ಹಾಗೆ ಕೇಳುವುದಕ್ಕೆ ಕಾಲ ಮೀರಿತೆಂದು ಯಾರೂ ತಿಳಿಯಬೇಕಾಗಿಲ್ಲ.